ಗಾಜಿನ ಬಾಗಿಲಿಗೆ ಅಂಟಿಸಿದ ಅಮ್ಮ

ವಿದಿನ್, ಬಲ್ಗೇರಿಯಾ
19 ಜೂನ್ 2024, ಬುಧವಾರ

ಪ್ರೀತಿಯ ಕಲಿನಕ್ಕಾ,

ನಿನ್ನ ಎಡ ಮೊಣಕಾಲು ಈಗ ಹೇಗಿದೆ? ಹೋದ ವರ್ಷ ಈಸ್ಟರ್ ಹಬ್ಬದ ದಿನ ನೀನು ಫೋನ್ ಮಾಡಿದಾಗ ಮೆಟ್ಟಿಲು ಹತ್ತುವಾಗ ನೋಯುತ್ತದೆ ಎಂದಿದ್ದೆಯಂತೆ. ಅಮ್ಮ ಮೂರು ದಿನ ಅದನ್ನೇ ಯೋಚಿಸಿದಳು. ಎಲೆಕೋಸಿನ ಎಲೆಯನ್ನು ಜಜ್ಜಿ ಕಟ್ಟಿಕೊಳ್ಳಲು ನಿನಗೆ ಹೇಳು ಎಂದು ನನಗೆ ಗಂಟುಬಿದ್ದಳು. ಹೇಳುವುದಕ್ಕೆ ನಿನ್ನ ನಂಬರು ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ವರ್ಷಕ್ಕೆ ಎರಡು ಸಲ ನೀನಾಗಿ ಮಾಡಿದರೆ ಮಾತ್ರ ಉಂಟು. ಈಗ ಹೇಳುತ್ತಿದ್ದೇನೆ, ಎಲೆಕೋಸು ಕಟ್ಟಿಕೋ. ನಿನ್ನ ಯಜಮಾನರು ಕ್ಷೇಮವೇ? ಅವರ ಆ ಪುಟ್ಟ ಬಿಳಿ ನಾಯಿ? ನಾಯಿಯ ವಿಷಯ ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡ, ನಿನಗೆ ಗೊತ್ತಿದೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಚ್ಚಿನ ಅಂಗಡಿ ನಡೆಯುತ್ತಿದೆ. ಮದುವೆ ಕಾಗದಗಳು ವರ್ಷಕ್ಕೆ ಹತ್ತು ಬಂದರೆ ಹೆಚ್ಚು. ಸತ್ತವರ ಫೋಟೋ ಹಾಕಿ ಬಾಗಿಲಿಗೆ ಅಂಟಿಸುವ ಸಾವಿನ ಚೀಟಿಗಳು ದಿನಕ್ಕೆ ಹತ್ತು ಬರುತ್ತವೆ. ನಮ್ಮ ಊರಿನ ಬಾಗಿಲುಗಳ ಮೇಲೆ ಈಗ ಒಳಗಿರುವವರಿಗಿಂತ ಹೋದವರ ಮುಖಗಳೇ ಹೆಚ್ಚು.

ಹೊಸ ಸುದ್ದಿ ಎಂದರೆ ನಾನು ಪ್ರವಾಸಕ್ಕೆ ಹೋಗಿದ್ದೆ. ನಲವತ್ತೈದು ವರ್ಷಕ್ಕೆ ಮೊದಲ ಸಲ. ಏಳು ದಿನ, ಬಸ್ಸಿನಲ್ಲಿ, ಇಟಲಿ ಮತ್ತು ನಿನ್ನ ಮೊನಾಕೋ. ಪಕ್ಕದ ಮನೆಯ ತಿಂಕಾ ಚಿಕ್ಕಮ್ಮ ಜೊತೆಗಿದ್ದಳು. ಬಸ್ಸಿನಲ್ಲಿ ನಲವತ್ತೆಂಟು ಜನ, ಹೆಚ್ಚಿನವರು ಪಿಂಚಣಿಯವರು, ಎಲ್ಲರ ಚೀಲದಲ್ಲೂ ಬೇಯಿಸಿದ ಮೊಟ್ಟೆ. ನಿನ್ನ ಊರಿನ ನೆಲದಡಿಯ ನಿಲ್ದಾಣದಲ್ಲಿ ನಮ್ಮನ್ನು ಇಳಿಸಿ ಗೈಡ್ ಸ್ವೆತ್ಲಿನ್ ಕೈಯಲ್ಲಿದ್ದ ಹಳದಿ ಛತ್ರಿ ಎತ್ತಿ ಹೇಳಿದ: "ಎರಡು ಗಂಟೆಗೆ ಬಸ್ಸು ಹೊರಡುತ್ತೆ. ನಾನು ಯಾರಿಗೂ ಕಾಯಲ್ಲ. ತಪ್ಪಿಸ್ಕೊಂಡವರು ಇಲ್ಲೇ ಯಾರನ್ನಾದ್ರೂ ಸಾಹುಕಾರನ್ನ ಕಟ್ಕೊಳ್ಳಿ." ತಿಂಕಾ ಚಿಕ್ಕಮ್ಮ ಎಪ್ಪತ್ತೊಂದರ ತನ್ನ ಸೊಂಟ ನೇರ ಮಾಡಿಕೊಂಡು, "ನನಗೆ ಒಬ್ಬ ಸಾಲಲ್ಲಪ್ಪ, ಇಬ್ಬರು ಬೇಕು. ಒಬ್ಬ ಚೀಲ ಹೊರೋಕೆ," ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ನನ್ನ ಕೈಚೀಲದಲ್ಲಿ ಅಮ್ಮ ಇದ್ದಳು, ಕಪ್ಪು ಅಂಚಿನ ಕಾಗದದಲ್ಲಿ. ಆದರೂ ನಗು ಬಂತು.

ಬೀದಿಯಿಂದ ಬೀದಿಗೆ ಹೋಗಲು ಲಿಫ್ಟು. ಹೂವಿನ ಪಾತಿಯಲ್ಲಿ ಒಂದು ಒಣಗಿದ ಎಲೆ ಕಾಣಲಿಲ್ಲ, ಯಾರೋ ಬೆಳಗಾಗುವ ಮೊದಲೇ ಬಂದು ಒರೆಸಿ ಹೋದಂತಿತ್ತು. ಜೂಜಿನ ಮಹಲಿನ ಮುಂದೆ ನಮ್ಮವರು ಸಾಲಾಗಿ ನಿಂತು ಇನ್ನೊಬ್ಬರ ಕಾರುಗಳ ಪಕ್ಕದಲ್ಲಿ ಫೋಟೋ ತೆಗೆಸಿಕೊಂಡರು. ಬಂದರಿನ ಬದಿಯಲ್ಲಿ ಒಂದು ಕಪ್ಪು ಕಾಫಿ ಒಂಬತ್ತು ಯೂರೋ. "ಈ ದುಡ್ಡಿಗೆ ನಮ್ಮಲ್ಲಿ ಇಡೀ ಸಾವಿನ ಮನೆಗೆ ಕಾಫಿ ಕೊಡಿಸಬಹುದು," ಎಂದು ತಿಂಕಾ ಚಿಕ್ಕಮ್ಮ ಕಪ್ಪಿನ ತಳವನ್ನು ಬೆರಳಿನಿಂದ ಒರೆಸಿ ನೆಕ್ಕಿದಳು. ಒಂದು ಮಾತು ಪ್ರಾಮಾಣಿಕವಾಗಿ ಬರೆಯಬೇಕು. ನಿನ್ನ ಊರನ್ನು ಕಂಡ ಕೂಡಲೇ ದ್ವೇಷಿಸುತ್ತೇನೆ ಎಂದುಕೊಂಡು ಹೋಗಿದ್ದೆ. ಹಾಗೆ ಆಗಲಿಲ್ಲ. ಮೇಲಿನ ಬೀದಿಯ ತಿರುವಿನಲ್ಲಿ ಸಮುದ್ರ ಒಮ್ಮೆಲೇ ಕಂಡಾಗ ನನ್ನ ಕಾಲು ತಾನಾಗಿ ನಿಂತಿತು. ಟೈರ್ ಕಾರ್ಖಾನೆಯ ಹೊಗೆಯಲ್ಲಿ ಬೆಳೆದ ಹುಡುಗಿಗೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ಈ ತಿರುವು ಸಿಕ್ಕಿದ್ದರೆ ಅವಳು ಏನೇನು ಹೇಳಿಬಿಡಬಹುದು ಎಂದು ಅರ್ಧ ನಿಮಿಷ ಯೋಚಿಸಿದೆ. ಅಷ್ಟೇ, ಅರ್ಧ ನಿಮಿಷ. ಆಮೇಲೆ ನಿನ್ನ ಮನೆಯ ದಾರಿ ಕೇಳಿಕೊಂಡು ಹೋದೆ.

ನಿನ್ನ ವಿಳಾಸ ಸಿಕ್ಕಿದ್ದು ಅಮ್ಮನ ಪ್ರಾರ್ಥನೆಯ ಪುಸ್ತಕದಲ್ಲಿ. ನೀನು ಎಂದೋ ಕಳಿಸಿದ್ದ ಚಳಿಗಾಲದ ಕೋಟಿನ ಪೊಟ್ಟಣದಿಂದ ಕತ್ತರಿಸಿ ಇಟ್ಟುಕೊಂಡಿದ್ದಳು. ಅದನ್ನು ಹಿಡಿದು ಹೋದಾಗ ಅಲ್ಲಿ ಏನಾಯಿತು ಎಂದು ನನಗೆ ಗೊತ್ತಾದದ್ದು ಅವಳು ತೀರಿಕೊಂಡ ನಲವತ್ತನೆಯ ದಿನ. ಅಲ್ಲಿಯವರೆಗೆ ನಾನು ನಿನ್ನ ಪರವಾಗಿಯೇ ಇದ್ದೆ, ಅಕ್ಕಾ. ಡಿಸೆಂಬರ್ 8ರಂದು ಅವಳು ಹೋದಾಗ ನಾನೇ ಚೀಟಿ ಅಚ್ಚು ಹಾಕಿದೆ. ಕೆಳಗೆ 'ದುಃಖತಪ್ತರು' ಎಂಬಲ್ಲಿ ಹಿರಿಯಳೆಂದು ನಿನ್ನ ಹೆಸರನ್ನೇ ಮೊದಲು ಇಟ್ಟೆ. ನಿನ್ನ ಹಳೆಯ ಇಮೇಲಿಗೆ ಬರೆದೆ. ನಾಲ್ಕು ದಿನದ ಮೇಲೆ ಒಂದು ಸಾಲು ಬಂತು: 'ಬರಲಾಗುವುದಿಲ್ಲ, ನಿನಗೆ ಅರ್ಥವಾಗುತ್ತದೆ.' ಅರ್ಥವಾಗಲಿಲ್ಲ, ಆದರೂ ಅರ್ಥವಾದಂತೆ ಎಲ್ಲರಿಗೂ ಹೇಳಿದೆ. ನಲವತ್ತನೆಯ ದಿನ ಸಮಾಧಿಯ ಬಳಿ ಅವಳ ಹೆಸರಿನಲ್ಲಿ ಬೇಯಿಸಿದ ಸಿಹಿ ಗೋಧಿ ಹಂಚುವಾಗ ನಾನು, "ಏನೇ ಆಗ್ಲಿ, ಅಮ್ಮ ಒಂದು ಸಲವಾದ್ರೂ ಅಕ್ಕನ ಮನೇಲಿ ಉಂಡು ಬಂದಳಲ್ಲ," ಎಂದೆ. ತಿಂಕಾ ಚಿಕ್ಕಮ್ಮನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ಅವಳು ಒಳಗೇ ಹೋಗ್ಲಿಲ್ಲ ಮಗಳೇ," ಎಂದಳು.

2017ರ ಮೇ ತಿಂಗಳಲ್ಲಿ ಅಮ್ಮ, ತಿಂಕಾ ಚಿಕ್ಕಮ್ಮ ಇಬ್ಬರೂ ಇಂಥದೇ ಬಸ್ಸಿನಲ್ಲಿ ಅಲ್ಲಿಗೆ ಬಂದಿದ್ದರಲ್ಲ. ಏಳನೆಯ ಮಹಡಿಯಲ್ಲಿ ನೀನು ಹೇಳಿದ್ದು ನಿನಗೆ ನೆನಪಿರುತ್ತದೆ. ಕೆಳಗೆ ಏನಾಯಿತೆಂದು ನಿನಗೆ ಗೊತ್ತಿಲ್ಲ, ಆದ್ದರಿಂದ ಬರೆಯುತ್ತೇನೆ. ಬಾಗಿಲು ಕಾಯುವ ಎತ್ತೋರೆ ಮೇಲಕ್ಕೆ ಫೋನ್ ಹಚ್ಚಿ, ಬಲ್ಗೇರಿಯಾದಿಂದ ಬಂದ ಒಬ್ಬ ಹೆಂಗಸು ನಿಮ್ಮ ತಾಯಿ ಅನ್ನುತ್ತಿದ್ದಾರೆ ಎಂದ. ಮೇಜಿನ ಮೇಲಿನ ಸ್ಪೀಕರಿನಲ್ಲಿ ನಿನ್ನ ದನಿ ಬಂತು. ಇಟಾಲಿಯನ್ ಮಾತು. ಇಟಲಿಯ ಬಾರಿ ಎಂಬ ಊರಿನಲ್ಲಿ ಎಂಟು ವರ್ಷ ಒಬ್ಬ ಮುದುಕಿಯ ಶುಶ್ರೂಷೆ ಮಾಡಿದವಳಲ್ಲವೇ ತಿಂಕಾ ಚಿಕ್ಕಮ್ಮ, ಅವಳಿಗೆ ತಿಳಿಯಿತು. 'ನನ್ನ ತಾಯಿ ಸತ್ತು ಎಷ್ಟೋ ವರ್ಷವಾಯಿತು, ಏನೋ ತಪ್ಪಾಗಿದೆ, ಕಳಿಸಿಬಿಡಿ.' ಅಮ್ಮ ಪಕ್ಕದಲ್ಲಿ ನಿಂತು, "ಏನಂದಳು, ತಿಂಕಾ, ಏನಂದಳು?" ಎಂದು ಕೇಳುತ್ತಿದ್ದಳಂತೆ, ನಗುತ್ತಾ. "ಮನೇಲಿಲ್ಲ ಅಂತ ಸುಳ್ಳು ಹೇಳ್ಬಿಡ್ತಿದ್ದೆ ನೆವೆನಾ," ಎಂದಳು ತಿಂಕಾ ಚಿಕ್ಕಮ್ಮ, "ಆದ್ರೆ ನಿಮ್ಮಮ್ಮ ಮಗಳ ದನಿ ಗುರುತು ಹಿಡಿದಿದ್ದಳು. ಮನೇಲಿಲ್ಲ ಅಂತ ಹೇಗೆ ಹೇಳಲಿ? ಇದ್ದದ್ದನ್ನೇ ಹೇಳಿದೆ." ಅಮ್ಮ ಕುಳಿತುಕೊಂಡಳು. ಎತ್ತೋರೆ ನೀರು ತಂದುಕೊಟ್ಟ. ಇಪ್ಪತ್ತು ನಿಮಿಷ ಕುಳಿತು, ಎದ್ದು, ಕೂತಿದ್ದ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿದಳಂತೆ. ನಿನಗೆಂದು ಎರಡು ದಿನ ಮಡಿಲಲ್ಲಿ ಇಟ್ಟುಕೊಂಡು ತಂದಿದ್ದ ಸುಟ್ಟ ಕೆಂಪು ಮೆಣಸಿನಕಾಯಿಯ ಗೊಜ್ಜಿನ ಶೀಶೆಯನ್ನು ಎತ್ತೋರೆಗೆ ಕೊಟ್ಟು ಬಂದಳು.

ಮನೆಗೆ ಬಂದು ನಮಗೆಲ್ಲ ಏನು ಹೇಳಿದಳು ಗೊತ್ತೇ? ನೀನು ಮೀನು ಸುಟ್ಟು ಬಡಿಸಿದೆ, ನಿಂಬೆಹಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿದೆ ಬೀಜ ಬೀಳದಿರಲೆಂದು, ನಿನ್ನ ಕಿಟಕಿಯಿಂದ ಹಡಗುಗಳು ಬೆರಳಿಗೆ ಸಿಗುವಷ್ಟು ಹತ್ತಿರ, ನಿನ್ನ ಗಂಡ ಅವಳ ಕೈಗೆ ಮುತ್ತಿಟ್ಟರು. ನಿಂಬೆಹಣ್ಣಿನ ಬಟ್ಟೆಯನ್ನು ಅವಳು ಎಲ್ಲಿಂದ ತಂದಳೋ ನನಗೆ ಈಗಲೂ ತಿಳಿಯದು. ನನಗೊಂದು ಆಯಸ್ಕಾಂತದ ಹಡಗು ಕೊಟ್ಟಳು, ಫ್ರಿಜ್ಜಿಗೆ ಅಂಟಿಸುವಂಥದು. "ನಿಮ್ಮಕ್ಕ ಕೊಟ್ಟಳು ನಿನಗೆ." ಅಷ್ಟು ಶ್ರೀಮಂತಳಾಗಿ ತಂಗಿಗೆ ಇದೊಂದೇ ಕಳಿಸಿದೆಯಲ್ಲ ಎಂದು ಫ್ರಿಜ್ ತೆಗೆದಾಗಲೆಲ್ಲ ಆರು ವರ್ಷ ನಿನ್ನನ್ನು ಬೈದುಕೊಂಡೆ. ಅದೂ ನೀನು ಕೊಟ್ಟದ್ದಲ್ಲ. ಆ ತಿಂಗಳೇ ಒಂದು ದಿನ ಅವಳು ಅಂಗಡಿಗೆ ಬಂದು ಕೌಂಟರಿಗೆ ಮೊಣಕೈ ಊರಿ, "ನನ್ನ ಚೀಟಿ ಈಗಲೇ ಒಂದು ಮಾಡಿಡು ನೆವೆನಾ, ನಾನು ಸತ್ತು ಬಹಳ ವರ್ಷ ಆಯ್ತಂತೆ, ಇನ್ನೂ ಯಾರೂ ಅಂಟಿಸಿಲ್ಲ," ಎಂದಳು. ಮುದುಕಿಯ ಕುಚೋದ್ಯ ಎಂದುಕೊಂಡು ನಾನು, "ಹೋಗಮ್ಮ, ಕೆಲಸ ಇದೆ," ಎಂದೆ. ಈ ಮಾತಿಗೆ ನಾನು ನಿನ್ನನ್ನು ದೂರಲಾರೆ. ಇದು ನನ್ನದೇ. ಆದರೂ ಇದನ್ನು ನನ್ನ ಬಾಯಲ್ಲಿ ಹೇಳಿಸಿದವಳು ನೀನು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆಮೇಲೂ ನೀನು ಈಸ್ಟರಿಗೆ, ಅವಳ ಹೆಸರಿನವರೆಲ್ಲರ ಹಬ್ಬಕ್ಕೆ ಫೋನ್ ಮಾಡುತ್ತಲೇ ಇದ್ದೆ. ಅವಳು ನದಿ ಎಷ್ಟು ಏರಿದೆ, ಬೆಕ್ಕು ಎಷ್ಟು ಮರಿ ಹಾಕಿದೆ ಎಂದು ಹೇಳುತ್ತಲೇ ಇದ್ದಳು. ಒಬ್ಬರಾದರೂ ಆ ಮಾತು ಎತ್ತಲಿಲ್ಲ.

ನಲವತ್ತನೆಯ ದಿನದ ಚೀಟಿ ಆಗಲೇ ಅಂಟಿಸಿ ಆಗಿತ್ತು. ಅವತ್ತೇ ಸಂಜೆ ಎಲ್ಲವನ್ನೂ ಕಿತ್ತು, ನಿನ್ನ ಹೆಸರು ತೆಗೆದು, ಹೊಸದು ಅಚ್ಚು ಹಾಕಿ ಮತ್ತೆ ಅಂಟಿಸಿದೆ. ಊರು ಓದಿತು. ಬೇಕರಿಯಲ್ಲಿ, ಅಂಚೆ ಕಚೇರಿಯಲ್ಲಿ, ಎಲ್ಲ ಕಡೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಮ್ಮಲ್ಲಿ ಸಾವಿನ ಚೀಟಿಯಿಂದ ಒಂದು ಹೆಸರು ಹೋದರೆ ಮತ್ತೇನನ್ನೂ ಕೇಳಬೇಕಾಗಿಲ್ಲ. ಆದರೆ ಆ ಶಿಕ್ಷೆ ನಿನಗೆ ತಟ್ಟುವಂಥದಲ್ಲ ಎಂದು ಬೇಗ ಹೊಳೆಯಿತು. ಇಲ್ಲಿ ನಿನ್ನ ಹೆಸರು ಬಿಟ್ಟರೆ ನಿನಗೆ ಅನುಕೂಲವೇ. ನಿನ್ನ ಹೆಸರು ಇರಬೇಕಾದ್ದು ಅಲ್ಲಿ, ನಿನ್ನ ಬಾಗಿಲ ಮೇಲೆ. ಅರ್ಧ ವರ್ಷದ ಚೀಟಿ ಜೂನ್ 8ಕ್ಕೆ ಬರುತ್ತಿತ್ತು. ಸ್ವೆತ್ಲಿನನ ಬಸ್ಸು ಅದೇ ದಿನ ಮೊನಾಕೋದಲ್ಲಿರುತ್ತದೆ ಎಂದು ಜಾಹೀರಾತಿನಲ್ಲಿ ಓದಿದಾಗ ನನಗೆ ಸಂತೋಷವಾಯಿತು. ಆ ಸಂತೋಷ ಒಳ್ಳೆಯ ಬಗೆಯದಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೇ ಟಿಕೆಟ್ ಕೊಂಡೆ.

ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಮನಸ್ಸಿಟ್ಟು ಒಂದು ಚೀಟಿ ಮಾಡಿದ್ದಿಲ್ಲ. ಹಣ್ಣು ಮುದುಕಿಯ ಫೋಟೋ ಬಿಟ್ಟು ಅಮ್ಮ ಐವತ್ತರ ಆಸುಪಾಸಿನಲ್ಲಿ ಕಾರ್ಖಾನೆಯ ಕ್ರೇನಿನ ಮುಂದೆ ನಿಂತದ್ದನ್ನು ಆರಿಸಿದೆ. ಅದರಲ್ಲಿ ಅವಳ ಮೂಗು, ಹುಬ್ಬು, ಎಡಕ್ಕೆ ಸ್ವಲ್ಪ ವಾಲಿದ ಬಾಯಿ ಎಲ್ಲವೂ ನೀನೇ. ರಾದ್ಕಾ ಇಲಿಯೇವಾ, 1948–2023, ಟೈರ್ ಕಾರ್ಖಾನೆಯ ಕ್ರೇನ್ ಚಾಲಕಿ. ಇಬ್ಬರು ಹೆಣ್ಣುಮಕ್ಕಳನ್ನು ಇಂಗ್ಲಿಷ್ ಶಾಲೆಯಲ್ಲಿ ಓದಿಸಿದವಳು. ದುಃಖತಪ್ತರು: ಮಗಳು ಕಲಿನಾ, ಮಗಳು ನೆವೆನಾ. ಕಪ್ಪು ಅಂಚು. ಇಪ್ಪತ್ತು ಪ್ರತಿ. ಗೋಧಿಯನ್ನು ಬಸ್ಸಿನಲ್ಲೇ ಶೀಶೆಯಲ್ಲಿ ನೆನೆಹಾಕಿದೆ. ಹಿಂದಿನ ಸಂಜೆ ಇಟಲಿಯ ಹೋಟೆಲಿನ ಕೋಣೆಯಲ್ಲಿ ತಿಂಕಾ ಚಿಕ್ಕಮ್ಮ ತನ್ನ ಹಳೆಯ ನೀರು ಕಾಯಿಸುವ ಕಾಯಿಲ್ ಹೊರತೆಗೆದು, ಕಿಟಕಿ ತೆರೆದು, ಬಾಗಿಲ ಸಂದಿಗೆ ಟವಲು ತುರುಕಿ, ಎನಾಮಲ್ ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪವೇ ಬೇಯಿಸಿದಳು. ಎರಡು ಸಲ ಫ್ಯೂಸ್ ಹೋಯಿತು. "ರಾದ್ಕಾ ಬದುಕಿದ್ದಾಗಲೂ ಹೀಗೇ, ಅವಳು ಬಂದಲ್ಲೆಲ್ಲ ಕರೆಂಟು ಹೋಗ್ತಿತ್ತು," ಎಂದಳು. ಸಕ್ಕರೆ ಪುಡಿ, ಆಕ್ರೋಟು ಬೆರೆಸಿ ಕಾಗದದ ಲೋಟಗಳಲ್ಲಿ ತುಂಬಿದೆವು.

ನಿನ್ನ ಕಟ್ಟಡದ ಗೋಡೆ ಅಮೃತಶಿಲೆ, ಅದಕ್ಕೆ ಅಂಟು ಹಿಡಿಯಲಿಲ್ಲ. ಗಾಜಿನ ಬಾಗಿಲಿಗೆ ಟೇಪು ಹಾಕಿ ಒಂದು ಅಂಟಿಸಿದೆ. ದೀಪದ ಕಂಬಕ್ಕೆ ಒಂದು, ಎದುರಿನ ತಾಳೆ ಮರಕ್ಕೆ ಒಂದು. ದೂರ ನಿಂತು ನೋಡಿದೆ. ಅಂಚು ನೇರವಾಗಿತ್ತು. ಆಗ ತಿಂಕಾ ಚಿಕ್ಕಮ್ಮ ಕನ್ನಡಕ ಏರಿಸಿ ನನ್ನ ಮುಖ ನೋಡಿ ಕೇಳಿದಳು: "ಚೆನ್ನಾಗಿದೆ ಮಗಳೇ. ಆದ್ರೆ ನಮ್ಮ ಅಕ್ಷರ ಇಲ್ಲಿ ಯಾರು ಓದ್ತಾರೆ? ಆ ಮರ ಓದುತ್ತಾ?" ತಿಂಗಳುಗಟ್ಟಲೆ ಒಂದೊಂದು ಪದವನ್ನೂ ತೂಗಿದವಳು ನಾನು, ಇದೊಂದನ್ನು ಯೋಚಿಸಿರಲಿಲ್ಲ. ಸಾವಿನ ಚೀಟಿ ಎಂದರೆ ನಮ್ಮ ಅಕ್ಷರದಲ್ಲಿ ಇರುವುದು. ಬೇರೆ ಅಕ್ಷರದಲ್ಲಿ ಅದು ಇರಬಹುದು ಎಂಬುದೇ ನನ್ನ ಕೈಗೆ ಗೊತ್ತಿರಲಿಲ್ಲ. ಎರಡು ದಿನ ಬಸ್ಸಿನಲ್ಲಿ ಕುಳಿತು, ನಿನ್ನ ಊರಿಗೆ ಅರ್ಥವಾಗದ ಗೀಟುಗಳನ್ನು ಅಂಟಿಸಲು ಬಂದಿದ್ದೆ. ಅಷ್ಟರಲ್ಲಿ ಬಿಳಿ ಕೈಗವಸಿನ ಪೊಲೀಸಿನವನು ಬಂದ. ಕಂಬದ್ದನ್ನೂ ಮರದ್ದನ್ನೂ ಹರಿಯದಂತೆ ಬಿಡಿಸಿದ. ಫೋಟೋ ನೋಡಿ ಟೋಪಿಗೆ ಬೆರಳು ತಾಗಿಸಿ, ಎರಡನ್ನೂ ನನ್ನ ಕೈಗೇ ಕೊಟ್ಟು, ಇಲ್ಲಿ ಹೀಗೆ ಮಾಡಬಾರದು ಎಂದ. ಬಾಗಿಲಿನದು ಕಟ್ಟಡದವರ ಸ್ವತ್ತು ಎಂದು ಮುಟ್ಟಲಿಲ್ಲ.

ಬಾಗಿಲು ತೆರೆದು ಎತ್ತೋರೆ ಬಂದ. ಚೀಟಿಯನ್ನು ಕೀಳಲು ಕೈ ಎತ್ತಿದವನು ಹಾಗೇ ನಿಂತ. ತಿಂಕಾ ಚಿಕ್ಕಮ್ಮನ ಕಡೆ ತಿರುಗಿ, "ಕುರ್ಚಿ ಒರೆಸಿದ ಅಮ್ಮ ಅಲ್ವಾ ಇವರು?" ಎಂದ. ಒಳಗೆ ಅವನ ಮೇಜಿನ ಮೇಲೆ ಅಮ್ಮನ ಶೀಶೆ ಇತ್ತು, ಅಕ್ಕಾ. ಮುಚ್ಚಳದ ಮೇಲೆ ಅವಳೇ ಬರೆದ ವರ್ಷ ಇನ್ನೂ ಮಾಸಿಲ್ಲ. ಮುಚ್ಚಳವನ್ನು ಪಕ್ಕದಲ್ಲಿಟ್ಟು, ಶೀಶೆಯಲ್ಲಿ ಪೆನ್ನುಗಳನ್ನು ಹಾಕಿಟ್ಟಿದ್ದಾನೆ. ಏಳು ವರ್ಷ ನೀನು ದಿನಾ ಅದರ ಮುಂದೆಯೇ ಹೋಗಿ ಬಂದಿದ್ದೀಯ. ನಾನು ಲೋಟ ಚಾಚಿದೆ. ಸತ್ತವರ ಹೆಸರಿನದು, ಬೇಡ ಅನ್ನಬಾರದು ಎಂದು ತಿಂಕಾ ಚಿಕ್ಕಮ್ಮ ಹೇಳಿದಳು. ಅವನು ನಿಂತೇ ತಿಂದ. ಚೀಟಿಯನ್ನು ಕೀಳದೆ ಒಳಗೆ ಹೋಗಿ ತನ್ನ ಕಡತಗಳನ್ನು ನೋಡುತ್ತಾ ಕುಳಿತ.

ಹನ್ನೆರಡೂ ಕಾಲಿಗೆ ನಿನ್ನ ಯಜಮಾನರು ನಾಯಿಯ ಜೊತೆ ಲಿಫ್ಟಿನಿಂದ ಇಳಿದರು. ಅವರೇ ಎಂದು ಎತ್ತೋರೆ ತಲೆಯಾಡಿಸಿ ತೋರಿಸಿದ. ಅವರು ನಾನು ಊಹಿಸಿದಂತೆ ಇರಲಿಲ್ಲ. ವಯಸ್ಸಾದ, ಮೃದುವಾದ ಮನುಷ್ಯ, ನಾಯಿಯ ಜೊತೆ ಇಟಾಲಿಯನ್ ಮಾತಾಡುತ್ತಿದ್ದರು, ಅಂಗಿಯ ಗುಂಡಿ ಒಂದು ತಪ್ಪು ತೂತಿಗೆ ಬಿದ್ದಿತ್ತು. ನಾನು ಲೋಟ ಕೊಟ್ಟೆ. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ತೀರಿಕೊಂಡವರ ಆತ್ಮಕ್ಕೆ, ಇದನ್ನು ತಿಂದು 'ದೇವರು ಕ್ಷಮಿಸಲಿ' ಅನ್ನಬೇಕು ಎಂದೆ. ತಿಂದರು, ನಾನು ಹೇಳಿಕೊಟ್ಟ ಹಾಗೆ ನಮ್ಮ ಭಾಷೆಯಲ್ಲೇ ತೊದಲಿ ಅಂದರು. ಆಮೇಲೆ ಬಾಗಿಲಿನ ಕಡೆ ನೋಡಿದರು. ಅಕ್ಷರ ತಿಳಿಯಲಿಲ್ಲ, ಸರಿ. ಮುಖ ತಿಳಿಯಿತು. ಅಂಕಿಗಳು ಎಲ್ಲ ಊರಲ್ಲೂ ಒಂದೇ, ಅವೂ ತಿಳಿದವು. ಹತ್ತಿರ ಹೋಗಿ, ಮತ್ತೆ ಹಿಂದೆ ಸರಿದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನನ್ನ ಹೆಂಡತಿಯ ತಂದೆ ತಾಯಿ ಇಬ್ಬರೂ ಡಾಕ್ಟರು, 1999ರಲ್ಲಿ ಒಂದೇ ಕಾರಿನಲ್ಲಿ ತೀರಿಕೊಂಡರು. ಇವರು ಯಾರು?" ಎಂದರು. ನನ್ನ ತಾಯಿ ಎಂದೆ. ಸತ್ಯವೇ ಹೇಳಿದ್ದು. ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದರು. ಎಲ್ಲವನ್ನೂ ಅಲ್ಲೇ ಹೇಳಿಬಿಡಬಹುದಿತ್ತು, ನಾಲಿಗೆಯ ತುದಿಯಲ್ಲಿತ್ತು. ಆಗ ನನ್ನ ತಪ್ಪು ನನಗೆ ಒದಗಿಬಂತು. ಬಾಗಿಲಿನ ಚೀಟಿಯನ್ನು ಟೇಪು ಸಮೇತ ಬಿಡಿಸಿ ಅವರ ಕೈಗೆ ಕೊಟ್ಟು, "ಇದು ನಮ್ಮ ಅಕ್ಷರ. ಈ ಕಟ್ಟಡದಲ್ಲಿ ಇದನ್ನು ಓದಬಲ್ಲವರು ಒಬ್ಬರೇ. ಮೇಲೆ ಹೋಗಿ ಅವರ ಬಾಯಲ್ಲೇ ಓದಿಸಿಕೊಳ್ಳಿ," ಎಂದೆ.

ಅವರು ನಾಯಿಯನ್ನು ಹೊರಗೆ ಕರೆದುಕೊಂಡು ಹೋಗದೆ ಹಾಗೇ ಲಿಫ್ಟಿಗೆ ಹಿಂತಿರುಗಿದರು. ನೀನು ಏನು ಓದಿ ಹೇಳಿದೆಯೋ ನನಗೆ ಗೊತ್ತಿಲ್ಲ. ಹಳೆಯ ಕೆಲಸದವಳು ಅಂದೆಯಾ? ದೂರದ ಚಿಕ್ಕಮ್ಮ? ನೀನು ಜಾಣೆ, ನಿಮಿಷಕ್ಕೆ ಒಂದು ಸುಳ್ಳು ಹೊಂದಿಸುವುದು ಶಾಲೆಯಲ್ಲೇ ನಿನಗೆ ಬರುತ್ತಿತ್ತು. ಎರಡು ಗಂಟೆಗೆ ಬಸ್ಸು ಹೊರಟಿತು. ಸ್ವೆತ್ಲಿನ್ ತಲೆ ಎಣಿಸುತ್ತಾ, "ಯಾರೂ ಸಾಹುಕಾರನ್ನ ಹಿಡೀಲಿಲ್ವಾ?" ಎಂದ. ಈ ಸಲ ತಿಂಕಾ ಚಿಕ್ಕಮ್ಮ ಉಳಿದ ಕಾಗದದ ಲೋಟಗಳನ್ನು ಒಂದರೊಳಗೊಂದು ಇಟ್ಟು ಚೀಲಕ್ಕೆ ತುರುಕಿದಳು. ನನ್ನ ಕಡೆ ತಿರುಗಿ, "ಸಮಾಧಾನ ಆಯ್ತಾ ನಿನಗೆ?" ಎಂದು ಕೇಳಿದಳು. ಆಯ್ತು ಎಂದೆ. ಗಡಿ ದಾಟುವವರೆಗೆ ಅದು ನಿಜವೂ ಆಗಿತ್ತು. ಆಮೇಲೆ ಅಮ್ಮ ಆರು ವರ್ಷ ನಿನ್ನ ಮಾನ ಕಾಯಲು ಕಟ್ಟಿದ ಆ ಮೀನು, ನಿಂಬೆಹಣ್ಣು, ಹಡಗು ಎಲ್ಲ ನೆನಪಾಯಿತು. ಅವಳು ಕಟ್ಟಿದ್ದನ್ನು ಒಡೆದವಳು ಯಾರು, ನೀನೋ ನಾನೋ? ಇದಕ್ಕೆ ಉತ್ತರ ಹುಡುಕುತ್ತಿದ್ದೇನೆ. ಉತ್ತರ ಸಿಗುವವರೆಗೆ ಸುಮ್ಮನಿರುವಷ್ಟು ಒಳ್ಳೆಯವಳು ಮಾತ್ರ ನಾನಲ್ಲ. ಆ ದಿನ ನಿನ್ನ ಬಾಗಿಲಲ್ಲಿ ಹನ್ನೊಂದು ಜನ ಗೋಧಿ ತಿಂದು 'ದೇವರು ಕ್ಷಮಿಸಲಿ' ಅಂದರು. ಹೇಳಿಕೊಟ್ಟ ನಾನು ಒಂದು ಸಲವೂ ಅನ್ನಲಿಲ್ಲ.

ತಿಂಕಾ ಚಿಕ್ಕಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿಲ್ಲ, ಆದರೂ ಬರೆಯುತ್ತೇನೆ. ಬೆಕ್ಕು ಮತ್ತೆ ಮರಿ ಹಾಕಿದೆ, ನಾಲ್ಕು. ಡಿಸೆಂಬರ್ 8ಕ್ಕೆ ವರ್ಷದ ಚೀಟಿ. ನಿನ್ನ ಮೊಣಕಾಲು ಗುಣವಾಗಲಿ, ಬಾಲ್ಕನಿಯ ಸಮುದ್ರ ನಿನಗೆ ಎಂದಿನಂತೆ ಕಾಣಲಿ.

ಇನ್ನೂ ನಿನ್ನ ತಂಗಿಯೇ ಆಗಿರುವ,
ನೆವೆನಾ

ಅಂಚೆ ಮುಚ್ಚುವ ಹೊತ್ತಾಯಿತು, ಒಂದು ಮಾತು ಮರೆತಿದ್ದೆ. ಲಕೋಟೆಯ ಮೇಲೆ ನಿನ್ನ ಹೆಸರಿಲ್ಲ, ನಿನ್ನ ಯಜಮಾನರ ಹೆಸರಿದೆ ಎಂದು ನೀನು ಆಗಲೇ ನೋಡಿರುತ್ತೀಯ. ಕಾಗದ ನಮ್ಮ ಅಕ್ಷರದ್ದು, ಆದ್ದರಿಂದ ಅವರೇ ತಂದು ನಿನ್ನ ಕೈಗಿಟ್ಟು, ಓದು ಎಂದಿರುತ್ತಾರೆ. ಈಗ ಪಕ್ಕದಲ್ಲೇ ನಿಂತಿದ್ದಾರೆ, ಅಲ್ಲವೇ? ಇದೇ ಕಾಗದದ ಇಟಾಲಿಯನ್ ಪ್ರತಿಯನ್ನು ತಿಂಕಾ ಚಿಕ್ಕಮ್ಮ ಕುಳಿತು ಬರೆದಿದ್ದಾಳೆ, ಒಂದು ಪದ ಬಿಟ್ಟಿಲ್ಲ. ಅದನ್ನು ಮುಂದಿನ ಬುಧವಾರ ಅವರ ಹೆಸರಿಗೇ ಹಾಕುತ್ತೇನೆ. ನೀನೇ ಬಾಯಿಬಿಟ್ಟು ಹೇಳಲು ನಡುವಿನ ಒಂದು ವಾರ ನಿನ್ನದು, ಅಕ್ಕಾ. ಕ್ಷಮಿಸುವುದು ನನ್ನಿಂದ ಆಗಲಿಲ್ಲ, ಇಷ್ಟು ಆಯಿತು. ಗಟ್ಟಿಯಾಗಿ ಓದು. ಮೊದಲ ಸಾಲಿನಿಂದ.